ಡ್ರೈಯರಿನ ಸದ್ದಿನಲ್ಲಿ

ಬಲಗೈ ಕಿವಿಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಡಾಕ್ಟರು ಹೇಳಿಕೊಟ್ಟಂತೆ ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮವನ್ನು ದಿನವೂ ಮಾಡುತ್ತಿದ್ದರೂ, ಅಲ್ಲಿಂದ ಮೇಲೆ ಏರಲಾರೆನೆಂದು ಭುಜ ಹಟ ಹಿಡಿಯಿತು. ಅವಳು ಟವೆಲನ್ನು ಎಡಗೈಗೆ ಬದಲಾಯಿಸಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಒದ್ದೆ ಕೂದಲನ್ನು ಸ್ವಲ್ಪ ಸ್ವಲ್ಪವಾಗಿ ಹಿಂಡತೊಡಗಿದಳು. ಮೇಲಿನ ಪದರ ಒಣಗಿದಂತೆ ಕಂಡರೂ ಬೆರಳು ಒಳಗೆ ತೂರಿಸಿದರೆ ಬುಡದಲ್ಲಿ ಇನ್ನೂ ತಣ್ಣನೆಯ ನೀರು. ಕನ್ನಡಿಯ ಕೆಳಗೆ ಹಳೆಯ ಡ್ರೈಯರ್ ಬಿದ್ದಿತ್ತು. ಮಗಳು ಪ್ರವಾಸಕ್ಕೆಂದು ಕೊಂಡಿದ್ದ, ಮಡಚಿ ಚೀಲಕ್ಕೆ ಹಾಕುವಂಥದ್ದು. ನಿನ್ನೆ ಅದು ಸುಟ್ಟ ವಾಸನೆ ಬಿಟ್ಟು, ಒಮ್ಮೆ ಕೆಮ್ಮಿ, ತೆಪ್ಪಗಾಗಿತ್ತು.

"ಪಾಪ ಕಣಮ್ಮ ಅದು," ಎಂದಳು ಮಗಳು, ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತ. "ಗುಬ್ಬಚ್ಚಿ ಕೈಲಿ ಗಾಡಿ ಎಳೆಸಿದ ಹಾಗಾಯ್ತು. ನಿನ್ನ ತಲೇಲಿ ಬಾಚಣಿಗೆ ಕಳೆದುಹೋದ್ರೆ ಪೊಲೀಸ್ ಕಂಪ್ಲೇಂಟೇ ಕೊಡ್ಬೇಕು."

"ಬಾಯಿ ತೊಳ್ಕೊಂಡು ಬಂದು ಹಿಂದೆ ಸ್ವಲ್ಪ ಹಿಂಡು. ದೊಡ್ಡ ಮಾತು ಬೇಡ."

"ಕಾಲೇಜ್ ಬಸ್ ಬರೋ ಹೊತ್ತಾಯ್ತು, ತಾಯಿ!" ಎಂದು ಮಗಳು ಮಾಯವಾದಳು.

ಒದ್ದೆಯಾಗಿಯೇ ಗಂಟು ಕಟ್ಟಿಕೊಂಡು ಹೊರಡಬೇಕಾಯಿತು. ಅವಳಿಗೆ ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ. ಅಲ್ಲಿ ಇಡೀ ದಿನ ಕೂದಲಿಗೆ ಬಲೆ, ಬಲೆಯ ಮೇಲೆ ಬಿಗಿಯಾದ ಟೋಪಿ. ಬೆಳಿಗ್ಗೆ ಒದ್ದೆ ಉಳಿದದ್ದು ಸಂಜೆ ಟೋಪಿ ತೆಗೆದಾಗಲೂ ಒದ್ದೆಯೇ. ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತಿತ್ತು. ಪಕ್ಕದಲ್ಲಿ ನಿಂತವಳು ಮೂಗು ಸಿಂಡರಿಸಿದಳೇನೋ ಎಂಬ ಅನುಮಾನ ಬೇರೆ.

"ಕತ್ತರಿಸಿಬಿಡಿ ಅಕ್ಕಾ," ಎಂದಿದ್ದಳು ಸೂಪರ್‌ವೈಸರ್ ಹುಡುಗಿ. "ಭುಜಕ್ಕೂ ಸುಖ, ತಲೆಗೂ ಸುಖ."

ಅದರಲ್ಲಿ ಕೊಂಕಿರಲಿಲ್ಲ. ಅವಳಿಗೂ ಅದೇ ಸರಿ ಅನ್ನಿಸಿತ್ತು. ಶನಿವಾರ ಬರುತ್ತೇನೆಂದು ಪಾರ್ಲರಿನವರಿಗೆ ಹೇಳಿಯೂ ಇಟ್ಟಿದ್ದಳು. ಆದರೆ ಅದನ್ನು ನೆನೆದಾಗೆಲ್ಲ ಕೈ ತಾನಾಗಿ ಹಿಂದಕ್ಕೆ ಹೋಗಿ ಗಂಟನ್ನು ಮುಟ್ಟಿ ಬರುತ್ತಿತ್ತು. ಸೊಂಟ ಬದಲಾಯಿತು, ಕಣ್ಣಿಗೆ ಕನ್ನಡಕ ಬಂತು, ಈಗ ಭುಜವೂ ಮಾತು ಕೇಳುವುದಿಲ್ಲ. ಹುಡುಗಿಯಾಗಿದ್ದಾಗ ಇದ್ದ ಹಾಗೆಯೇ ಉಳಿದಿರುವುದು ಈ ಕೂದಲೊಂದೇ. ಅದನ್ನೂ ಕೊಟ್ಟುಬಿಟ್ಟರೆ ಕನ್ನಡಿಯಲ್ಲಿ ತನ್ನ ಗುರುತು ತನಗೆ ಹೇಗೆ ಸಿಗಬೇಕು?

ಅಂದು ಸಂಜೆ ಗಂಡನಿಗೆ ಹೇಳಿದಳು. "ರೀ, ಜೋರಾಗಿ ಗಾಳಿ ಬಿಡೋ, ಬಾಳಿಕೆ ಬರೋ ಡ್ರೈಯರ್ ಒಂದು ಬೇಕು. ಇಲ್ಲಾಂದ್ರೆ ಶನಿವಾರ ಕೂದಲಿಗೆ ಕತ್ತರಿ ಹಾಕಿಸ್ತೀನಿ."

"ಹೂಂ," ಎಂದ ಅವನು.

ಅವನ ಮಾತು ಮನೆಯಲ್ಲಿ ಅಷ್ಟೇ. ತಗ್ಗುಬಿದ್ದ ಕಾರುಗಳನ್ನು ಸರಿಮಾಡಿ ಬಣ್ಣ ಹೊಡೆಯುವ ಗ್ಯಾರೇಜಿನಲ್ಲಿ ಅವನದು ದೊಡ್ಡ ಬಾಯಿ ಎಂದು ಜೊತೆಯವರು ಹೇಳುತ್ತಿದ್ದರು. ಹೊಸ್ತಿಲು ದಾಟಿ ಒಳಗೆ ಬಂದರೆ ಬಾಯಿಗೆ ಬೀಗ. ಹೂಂ, ಆಯ್ತು, ನೋಡೋಣ. ತನ್ನೊಡನೆ ಆಡಲು ಅವನ ಬಳಿ ಮಾತಿಲ್ಲ ಎಂಬುದಕ್ಕೆ ಅವಳು ಎಂದೋ ಒಗ್ಗಿಹೋಗಿದ್ದಳು.

ಮರುದಿನ ಅವನು ಹಳೆಯ ಬಟ್ಟೆಯಲ್ಲಿ ಸುತ್ತಿದ್ದ ಭಾರವಾದ ಗಂಟೊಂದನ್ನು ಮೇಜಿನ ಮೇಲಿಟ್ಟ. ಬಿಚ್ಚಿದರೆ ಪಿಸ್ತೂಲಿನಂಥ ಯಂತ್ರ, ಮೂತಿಯೆಲ್ಲ ಬಣ್ಣದ ಕಲೆ.

"ಅಪ್ಪಾ, ಇದರಲ್ಲಿ ಬಿಸಿಗಾಳಿ ಬಿಟ್ಟು ಕಾರಿನ ಬಣ್ಣ ಸುಲೀತಾರಲ್ವಾ?" ಎಂದಳು ಮಗಳು.

"ಡ್ರೈಯರ್ ತಾನೇ ಕೇಳಿದ್ದು? ನಾವು ಇದನ್ನೇ ಡ್ರೈಯರ್ ಅನ್ನೋದು. ತಗ್ಗಿಗೆ ಮೆತ್ತಿದ ಪುಟ್ಟಿ ಒಣಗಿಸೋಕೆ ಇದಕ್ಕಿಂತ ಒಳ್ಳೇದಿಲ್ಲ. ಜೋರೂ ಇದೆ, ಬಾಳಿಕೇನೂ ಇದೆ. ಇಷ್ಟು ವರ್ಷದಲ್ಲಿ ಒಂದು ದಿನ ಕೈ ಕೊಟ್ಟಿಲ್ಲ."

"ಅಮ್ಮನ ತಲೇನೂ ಸುಲಿದು, ಪ್ರೈಮರ್ ಹೊಡೆದು, ಪಾಲಿಶ್ ಮಾಡಿ ಕೊಡ್ತೀಯಾ ಹಾಗಾದ್ರೆ?"

ಅವಳು ಭುಜ ನೋಯುವಷ್ಟು ನಕ್ಕಳು. ಅವನು ಯಂತ್ರವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದ. ಊಟಕ್ಕೆ ಬಡಿಸುವಾಗ ಅವನ ಎಡ ಮುಂಗೈ ಅವಳ ಕಣ್ಣಿಗೆ ಬಿತ್ತು. ಮಣಿಕಟ್ಟಿನ ಮೇಲೆ ಅಂಗೈಯಗಲದ ಜಾಗದಲ್ಲಿ ಒಂದು ರೋಮವೂ ಇರಲಿಲ್ಲ. ಚರ್ಮ ಕೆಂಪಾಗಿತ್ತು.

"ಏನ್ರೀ ಇದು?"

"ಏನಿಲ್ಲ."

"ರೀ."

"ನಿನ್ನ ತಲೆಗೆ ಹಿಡಿಯೋ ಮುಂಚೆ ನೋಡ್ಬೇಕಿತ್ತಲ್ಲ," ಎಂದ ತಟ್ಟೆಯನ್ನೇ ನೋಡುತ್ತ. "ಬಿಸಿ ಸ್ವಲ್ಪ ಜಾಸ್ತಿ ಅಂತ ಗೊತ್ತಾಯ್ತು. ದೂರ ಹಿಡಿದ್ರೆ ನಡೆಯುತ್ತೆ ಅನ್ಕೊಂಡೆ."

ಅವಳು ಮುಲಾಮು ತಂದು ಹಚ್ಚಿದಳು. ತನಗೆ ತಾಗುವ ಬಿಸಿಯನ್ನು ಮೊದಲು ತಮ್ಮ ಮೈಮೇಲೆ ನೋಡಿಕೊಂಡವರು ಅವಳ ಬದುಕಿನಲ್ಲಿ ಹೆತ್ತವಳ ನಂತರ ಇವನೊಬ್ಬನೇ. ಮುಲಾಮು ಒಳಗಿಳಿದ ಮೇಲೂ ಅವಳ ಬೆರಳು ಅಲ್ಲೇ ಸುತ್ತುತ್ತಿತ್ತು.

ಮರುದಿನ ಇಬ್ಬರೂ ಅಂಗಡಿಗೆ ಹೋದರು. ಮಾರುವ ಹುಡುಗಿ ಡಬ್ಬಿಗಳ ಮೇಲಿದ್ದ ವ್ಯಾಟುಗಳನ್ನು ಪಟಪಟನೆ ಓದಿದಳು. ಅವನು ಒಂದೊಂದನ್ನೂ ಓಡಿಸಿ, ಇಂಜಿನ್ ಕೇಳುವಂತೆ ಕಿವಿಯಿಟ್ಟು ಕೇಳಿದ. ಹಿಂಬದಿಯ ಜಾಲರಿ ಬಿಚ್ಚಲು ಬರುತ್ತದೆಯೇ ಎಂದು ತಿರುಗಿಸಿ ನೋಡಿದ.

"ಕೂದಲು, ದೂಳು ಎಲ್ಲ ಇಲ್ಲೇ ಸಿಕ್ಕೊಳ್ಳೋದು. ಇದು ಬಿಚ್ಚಿ ತೊಳೆಯೋಕೆ ಬರ್ಲಿಲ್ಲ ಅಂದ್ರೆ ಮೋಟರ್ ಉಸಿರುಗಟ್ಟಿ ಸಾಯುತ್ತೆ," ಎಂದ. ಹಿಡಿಯ ಬುಡದಲ್ಲಿ ವಯರನ್ನು ಬಗ್ಗಿಸಿ ನೋಡಿ, "ಮೊದಲು ಮುರಿಯೋದು ಈ ಜಾಗ," ಎಂದ.

ಅವಳು ನೋಡಿದ್ದು ಬೇರೆ. ಒಂದೊಂದರ ಗಾಳಿಯನ್ನೂ ಕತ್ತಿನ ಹಿಂದೆ, ಕೂದಲಿನ ಬುಡಕ್ಕೆ ಬಿಡಿಸಿಕೊಂಡಳು. ಕೆಲವು ಬರೀ ಬಿಸಿಯಾಗುತ್ತಿದ್ದವು, ಗಾಳಿ ಮೇಲಿನ ಪದರದಲ್ಲೇ ಸುಸ್ತಾಗುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ದಟ್ಟ ಕೂದಲನ್ನು ಸರಿಸಿ ಒಳಗೆ ನುಗ್ಗುವ ಗಾಳಿ.

ಕೊನೆಗೆ ಎರಡು ಉಳಿದವು. ಒಂದು ಹಗುರ. ಇನ್ನೊಂದು ಪಾರ್ಲರಿನವರು ದಿನವೆಲ್ಲ ಓಡಿಸುವಂಥದ್ದು, ಭಾರ.

"ಇದು ತಗೊಳ್ಳಿ ಆಂಟಿ," ಎಂದಳು ಹುಡುಗಿ, ಹಗುರವಾದದ್ದನ್ನು ಎತ್ತಿ. "ಸದ್ದೇ ಮಾಡಲ್ಲ. ಮನೇಲಿ ಮಗು ಮಲಗಿದ್ರೂ ಏಳಲ್ಲ."

"ನಮ್ಮನೇ ಮಗುಗೆ ಹತ್ತೊಂಬತ್ತಮ್ಮ. ಎದ್ರೆ ಒಳ್ಳೇದೇ," ಎಂದ ಅವನು.

ಅವಳು ಎರಡನ್ನೂ ಬಲಗೈಯಲ್ಲಿ ಎತ್ತಿ ನೋಡಿದಳು. ಎರಡೂ ಕಿವಿಯ ಹತ್ತಿರವೇ ನಿಂತವು.

"ಬುಡಕ್ಕೆ ಗಾಳಿ ಚೆನ್ನಾಗಿ ಹೋಗೋದು ಭಾರ ಇರೋದ್ರದ್ದೇ," ಎಂದಳು.

"ಆದ್ರೆ ಅಂಕಲ್, ಆಂಟಿ ಕೈ..."

"ನಾನಿದ್ದೀನಲ್ಲ," ಎಂದ ಅವನು, ವಯರನ್ನು ಸುತ್ತುತ್ತ.

ಮರುದಿನ ಬೆಳಿಗ್ಗೆ ಅವಳು ನಡುಮನೆಯಲ್ಲಿ ಸ್ಟೂಲಿನ ಮೇಲೆ ಕೂತಳು. ಅವನು ಹಿಂದೆ ನಿಂತ. ಡ್ರೈಯರನ್ನು ಕಾರಿಗೆ ಬಣ್ಣ ಸಿಂಪಡಿಸುವ ಗನ್ನಿನಂತೆಯೇ ಹಿಡಿದ. ಗೇಣಷ್ಟು ದೂರ, ಎಲ್ಲೂ ನಿಲ್ಲಿಸದೆ, ಪದರ ಎತ್ತಿ ಪದರ ಇಳಿಸುತ್ತ.

"ಒಂದೇ ಕಡೆ ನಿಂತ್ರೆ ಬಣ್ಣ ಸೋರುತ್ತೆ!" ಎಂದು ಕೂಗಿದ, ಯಾರೋ ಕೇಳಿದರೆಂಬಂತೆ. ಬುಡದ ತಂಪು ಹೋಗಿ ನೆತ್ತಿ ಬೆಚ್ಚಗಾಯಿತು. ಅವಳು ಕಣ್ಣು ಮುಚ್ಚಿದಳು. ಆಗ ಅವನು ಅದೇ ಎತ್ತರದ ದನಿಯಲ್ಲಿ ಹೇಳಿದ: "ಹೋದ ವಾರ ಒಂದು ಕಾರಿನ ಬಾಗಿಲು ವಾಪಸ್ ಬಂತು! ಬಿಳಿ ಹೊಡೆಯೋ ಕಡೆ ಕೆನೆ ಬಣ್ಣ ಹೊಡೆದುಬಿಟ್ಟಿದ್ದೆ! ನನ್ನ ಕಣ್ಣಿಗೆ ಎರಡೂ ಒಂದೇ ಥರ ಕಾಣ್ತಿದೆ ಕಣೇ! ಭಯ ಆಗುತ್ತೆ!"

ಅವಳು ಕಣ್ಣು ತೆರೆದಳು. "ನಂಗ್ಯಾಕೆ ಹೇಳ್ಲಿಲ್ಲ?" ಎಂದು ಅವಳೂ ಕೂಗಿದಳು.

"ಈಗ ಹೇಳ್ತಿದೀನಲ್ಲ!"

ಗುಂಡಿ ಒತ್ತಿದ. ಸದ್ದು ನಿಂತಿತು. "ಹೂಂ, ಆಯ್ತು," ಎಂದು ವಯರು ಸುತ್ತಿಟ್ಟು ಹೊರಟುಹೋದ.

ಅಂದು ಪ್ಯಾಕಿಂಗ್ ಸಾಲಿನಲ್ಲಿ ನಿಂತಾಗ ಅವಳಿಗೆ ಹೊಳೆಯಿತು. ಗ್ಯಾರೇಜಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಂಪ್ರೆಸರ್ ಮೊರೆಯುತ್ತದೆ. ಅಲ್ಲಿನ ಗಂಡಸರು ತಮ್ಮ ಸುಖದುಃಖವನ್ನೆಲ್ಲ ಅದರ ಮೇಲೇರಿ ಕೂಗಿ ಹೇಳಿಕೊಳ್ಳುತ್ತಾರೆ, ಅದು ನಿಂತಾಗ ಸುಮ್ಮನಾಗುತ್ತಾರೆ. ಹದಿಹರೆಯದಿಂದ ಅಲ್ಲೇ ದುಡಿದವನು ಮಾತಾಡಲು ಕಲಿತದ್ದೇ ಆ ಸದ್ದಿನಲ್ಲಿ. ಮನೆಯ ನಿಶ್ಶಬ್ದದಲ್ಲಿ ಅವನ ಮಾತಿಗೆ ಮರೆಯೇ ಇರಲಿಲ್ಲ.

ಶನಿವಾರ ಬಂದು ಹೋಯಿತು. ಪಾರ್ಲರಿಗೆ ಅವಳು ಹೋಗಲಿಲ್ಲ. ಬದಲಿಗೆ ಅವನ ಜೊತೆ ಕಣ್ಣಿನ ಡಾಕ್ಟರ ಬಳಿ ಹೋದಳು. ಪೊರೆ, ತೆಗೆಯಬಹುದು, ಎಂದರು. ತಲೆ ಒದ್ದೆಯಾದ ದಿನಗಳಲ್ಲೆಲ್ಲ ಮನೆ ಗ್ಯಾರೇಜಾಗುತ್ತಿತ್ತು. ಸತ್ತ ತಮ್ಮನ ವಿಷಯ, ಮಾಲೀಕನ ಜಿಪುಣತನ, ಮದುವೆಗೆ ಮುಂಚೆ ಇವಳನ್ನು ಹಿಂದಿನಿಂದಷ್ಟೇ ನೋಡಿ ಒಪ್ಪಿಕೊಂಡದ್ದು, ಎಲ್ಲ ಕೂಗಾಟದಲ್ಲೇ ಹೊರಬಂತು.

"ಮುಖ ನೋಡಿರ್ಲಿಲ್ವಾ?" ಎಂದು ಅವಳು ಅರಚಿದಳು.

"ಆಮೇಲೆ ನೋಡ್ದೆ! ಅದೂ ಪರವಾಗಿಲ್ಲ ಅನ್ನಿಸ್ತು!"

"ಪಕ್ಕದ ಮನೆಯವರಿಗೂ ಕೇಳಿಸ್ತು ಅಪ್ಪಾ!" ಎಂದು ಒಳಗಿನಿಂದ ಮಗಳು.

ಅವಳೂ ಅವನಿಗೆ ತನ್ನದನ್ನು ಹೇಳಿಕೊಂಡಳು. ಕೆಲಸದ ದಣಿವು, ಮಗಳು ಹೋದ ಮೇಲೆ ಮನೆ ಹೇಗಿರುತ್ತದೋ ಎಂಬ ಅಳುಕು. ಅವನಿಗೆ ಬೆನ್ನು ಕೊಟ್ಟು ಕೂತಿದ್ದರಿಂದ ಅವಳಿಗೂ ಅದು ಸುಲಭವಾಗಿತ್ತು. ಆ ಹೊತ್ತಿನಲ್ಲಿ ಅವಳ ಮನಸ್ಸು ಎಷ್ಟೋ ಜನಕ್ಕೆ ಕೈಮುಗಿಯುತ್ತಿತ್ತು: ಹಿಂದಿನಿಂದ ನೋಡಿದವನಿಗೆ, ಸತ್ತುಹೋದ ಪುಟ್ಟ ಡ್ರೈಯರಿಗೆ, ಕೊನೆಗೆ ಹಟಮಾರಿ ಭುಜಕ್ಕೂ.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ತಲೆ ತೊಳೆದು ಬಂದವಳು ಒಣಗಿದ ಟವೆಲಿಗೆಂದು ಮೇಲಿನ ಕಪಾಟಿಗೆ ಕೈ ಚಾಚಿದಳು. ಟವೆಲು ಕೈಗೆ ಬಂದ ಮೇಲೆಯೇ ತಿಳಿದದ್ದು, ಚಾಚಿದ್ದು ಬಲಗೈ ಎಂದು. ಇಳಿಸಿ ಇನ್ನೊಮ್ಮೆ ಎತ್ತಿದಳು. ಸಲೀಸಾಗಿ ನೆತ್ತಿ ದಾಟಿ ಹೋಯಿತು. ಗೋಡೆಗೆ ಬೆರಳು ಹತ್ತಿಸಿ ಮಾಡಿದ ವ್ಯಾಯಾಮವೆಲ್ಲ ಫಲ ಕೊಟ್ಟಿತ್ತು. ಭಾರದ ಡ್ರೈಯರನ್ನು ಇನ್ನು ತಾನೇ ಹಿಡಿಯಬಹುದು.

ನಡುಮನೆಯಿಂದ ಅವನು ಸ್ಟೂಲು ಎಳೆದ ಸದ್ದು ಕೇಳಿಸಿತು. ಪ್ಲಗ್ಗು ಸಿಕ್ಕಿಸಿ, ಗಂಟಲು ಸರಿಮಾಡಿಕೊಂಡ. ಇಂದೇನೋ ದೊಡ್ಡ ಸಂಗತಿಯೇ ಇರಬೇಕು.

ಅವಳು ಕೈ ಇಳಿಸಿದಳು. ಭುಜದ ಸುದ್ದಿ ಸದ್ಯಕ್ಕೆ ತನ್ನಲ್ಲೇ ಇರಲಿ ಎಂದುಕೊಂಡು, ಹೋಗಿ ಅವನಿಗೆ ಬೆನ್ನು ಕೊಟ್ಟು ಕುಳಿತಳು.