ಬಂಡೆಯ ಹಿಂದಿನ ಬಾಂಗ್

ಕೊಲ್ಲಿ ನಾಡಿನ ಖೋರ್ ಫಕ್ಕಾನಿನ ಬೆಟ್ಟ ಅರ್ಧ ಹತ್ತಿದ ಮೇಲೆ ಉಪ್ಪ ಒಂದು ಬಂಡೆಗೆ ಒರಗಿ ಕುಳಿತುಬಿಟ್ಟರು. ಕೆಳಗೆ ಬೋಳು ಗುಡ್ಡಗಳ ಸಂದಿಗೆ ನುಗ್ಗಿ ನಿಂತ ಕಡಲು, ಬಂದರಿನ ಕ್ರೇನುಗಳು, ಆಚೆ ಪುಟ್ಟ ದ್ವೀಪಗಳು. ಉಪ್ಪ ಯಾವುದನ್ನೂ ನೋಡುತ್ತಿರಲಿಲ್ಲ.

"ಎಂತ ಮೊಯ್ದಿನಾಕ, ಕರಾಮದ ನಿಮ್ಮ ಫ್ಲಾಟಿನ ಲಿಫ್ಟ್ ಇಲ್ಲಿಗೂ ಬರ್ಬೇಕಿತ್ತಾ?" ಮೇಲಿನ ತಿರುವಿನಿಂದ ಉಪ್ಪನ ಗೆಳೆಯ ಸಿದ್ದೀಕಾಕ ನಕ್ಕರು.

"ನೀನು ಹೋಗು ಮಾರಾಯ. ನಿನ್ನ ಸೆಲ್ಫಿ ಮುಗಿಯುವಾಗ ನಾನು ಅಲ್ಲಿರ್ತೇನೆ."

ಸಿದ್ದೀಕಾಕ ಮರೆಯಾದರು. ಜೊತೆಗೆ ಉಳಿದವಳು ಮಗಳು ನಾನೊಬ್ಬಳೇ. ಜ್ಯೂಸ್ ಬಾಟಲಿ ಚಾಚಿದೆ.

"ನನಗೆ ನೋಂಬು, ಮೋಳೇ. ಉಮ್ಮನಿಗೆ ಹೇಳ್ಬೇಡ."

ರಮಳಾನಿನಲ್ಲಿ ಆಸ್ಪತ್ರೆ ಸೇರಿ ತಪ್ಪಿಹೋದ ಉಪವಾಸಗಳನ್ನು ಗುಟ್ಟಾಗಿ ತೀರಿಸುತ್ತಿದ್ದರು. ಈ ಸಕ್ಕರೆ ಕಾಯಿಲೆಯಲ್ಲಿ ನೋಂಬು ಹಿಡಿಯಲೇಬಾರದೆಂದು ಡಾಕ್ಟರೂ ಹೇಳಿದ್ದರು, ಮಸೀದಿಯ ಉಸ್ತಾದರೂ ಹೇಳಿದ್ದರು.

"ಮಾತ್ರೆ?"

"ಅದು ಬೆಳಗಿನ ಬಾಂಗಿಗೆ ಮೊದಲೇ ಆಯ್ತು. ಮಾತ್ರೆ ಬಿಡ್ಲಿಕ್ಕುಂಟಾ?"

"ಊಟ?"

"ಹಸಿವಿರ್ಲಿಲ್ಲ."

ಹೇಳುತ್ತಿದ್ದ ಹಾಗೆಯೇ ಅವರ ಅಂಗಿ ಬೆವರಿನಲ್ಲಿ ತೊಯ್ದುಹೋಯಿತು. ಬೆರಳುಗಳು ನಡುಗತೊಡಗಿದವು. ನನ್ನನ್ನು "ಬೀಯಮ್ಮಾ" ಎಂದು ಕರೆದರು. ಅದು ತೀರಿಹೋದ ಅವರ ತಂಗಿಯ ಹೆಸರು.

ಬಾಟಲಿಯನ್ನು ತುಟಿಗೆ ಒತ್ತಿದೆ. ಹಲ್ಲು ಕಚ್ಚಿ ಹಿಡಿದರು. ಜ್ಯೂಸ್ ಗಡ್ಡದ ಮೇಲೆ ಹರಿಯಿತು.

"ಸಿದ್ದೀಕಾಕಾ!" ಎಂದು ಕೂಗಿದೆ. ಮನೆಗೆ ಯಾರಾದರೂ ಬಂದರೆ ಅಡುಗೆಮನೆಯಿಂದಾಚೆ ಕೇಳಿಸದ ದನಿ ನನ್ನದು. ಯಾರೂ ಬರಲಿಲ್ಲ. ತುರ್ತು ಸಹಾಯಕ್ಕೆ ಫೋನ್ ಮಾಡಿದೆ. ಹೊರಟಿದ್ದೇವೆ, ಸಕ್ಕರೆ ತೀರಾ ಇಳಿದಿದೆ, ಎಚ್ಚರವಿರುವಾಗಲೇ ಸಿಹಿ ಕುಡಿಸಿ ಎಂದರು.

"ಉಪ್ಪಾ, ನಿಮ್ಮ ಕಾಲು ಹಿಡೀತೇನೆ. ಕುಡೀರಿ."

"ಬಾಂಗ್ ಆಗ್ಲಿ," ಎಂದು ತೊದಲಿದರು. "ಬಾಂಗ್ ಆಗ್ಲಿಲ್ಲ ಇನ್ನೂ." ಸಂಜೆ ಮಸೀದಿಯ ಬಾಂಗ್ ಕೇಳಿದ ಮೇಲೆಯೇ ನೋಂಬು ಬಿಡುವುದು.

ಕಣ್ಣುಗಳು ಮೇಲಕ್ಕೆ ಜಾರುತ್ತಿದ್ದವು. ನಾನು ತಲೆಯ ಮೇಲಿನ ಕಪ್ಪು ಶಾಲು ಕಿತ್ತು ಅವರ ಮುಖದ ಮೇಲೆ ಹೊದಿಸಿದೆ. ಮೊಬೈಲಿನಲ್ಲಿ ಬಾಂಗ್ ಹಚ್ಚಿದೆ. ಕೆಳಗಿನ ಯಾವುದೋ ಮಸೀದಿಯಿಂದ ಬಂದ ಹಾಗೆ ಕೇಳಲೆಂದು ದನಿ ತಗ್ಗಿಸಿ ಬಂಡೆಯ ಹಿಂದಿಟ್ಟೆ. ಶಾಲಿನೊಳಗೆ ನನ್ನ ತಲೆಯನ್ನೂ ತೂರಿಸಿದೆ.

"ಉಪ್ಪಾ, ಕತ್ತಲಾಯ್ತು. ಬಾಂಗ್ ಕೇಳ್ತಾ ಉಂಟಲ್ಲ?"

ಅವರು ಕಿವಿಗೊಟ್ಟರು. ಬಿಸ್ಮಿಲ್ಲಾ ಎಂದು ತುಟಿ ಅಲುಗಿತು, ಬಾಯಿ ತೆರೆಯಿತು. ಒಂದು ಗುಟುಕು. ಇನ್ನೊಂದು. ಅರ್ಧಕ್ಕರ್ಧ ಚೆಲ್ಲಿತು. ನಾನು ಹನಿಸುತ್ತಲೇ ಹೋದೆ, ಅಳುತ್ತಲೇ ಹೋದೆ.

ಎಷ್ಟೋ ಹೊತ್ತಿನ ಮೇಲೆ, ಸಹಾಯದವರು ಬೆಟ್ಟ ಹತ್ತಿ ಬರುವ ಮೊದಲೇ, ಉಪ್ಪ ತಾವೇ ಶಾಲು ಸರಿಸಿದರು. ಸೂರ್ಯ ನೆತ್ತಿಯ ಮೇಲಿದ್ದ. ಅವರು ಸೂರ್ಯನನ್ನು ನೋಡಿದರು, ಹೊಳೆಯುವ ಕಡಲನ್ನು ನೋಡಿದರು, ಬಂಡೆಯ ಹಿಂದೆ ಇಣುಕಿ ಮೊಬೈಲನ್ನು ನೋಡಿದರು.

"ಈ ನೋಂಬು ಪುನಃ ಹಿಡೀಬೇಕಲ್ಲ, ಮೋಳೇ," ಎಂದರು.

"ಹಿಡೀರಿ. ಈಗ ಕುಡೀರಿ."

ಬಾಟಲಿ ಮತ್ತೆ ತುಟಿಗಿಟ್ಟೆ. ಈ ಸಲ ಎಲ್ಲಿಯೂ ಬಾಂಗ್ ಇರಲಿಲ್ಲ. ನನ್ನ ಮುಖದಿಂದ ಕಣ್ಣು ಕೀಳದೆ ಉಪ್ಪ ಕುಡಿದರು.