ಅಣ್ಣನ ಗೋಡೆಗೆ ಹೊಂದಿದ ಚಿತ್ರ

ತನ್ನ ಚಿತ್ರಗಳನ್ನು ಮನೆಯವರಲ್ಲಿ ಯಾರಾದರೂ ಕಣ್ಣಿಟ್ಟು ನೋಡಿದ್ದರೆ ಅದು ಅಣ್ಣ ಸೇತುರಾಮ ಒಬ್ಬನೇ ಎಂದು ಅನಂತಲಕ್ಷ್ಮಿ ತಲೆ ನರೆಯುವವರೆಗೂ ನಂಬಿದ್ದಳು. ಚಿತ್ರಕಲಾ ಶಾಲೆಗೆ ಸೇರುತ್ತೇನೆಂದಾಗ ಅಪ್ಪ ಊಟ ಬಿಟ್ಟು ಕೂತಿದ್ದರು. ಅವರೆದುರು ನಿಂತು ಜಗಳವಾಡಿ, ಸ್ಕೂಟರಿನಲ್ಲಿ ಕರೆದೊಯ್ದು ಸೇರಿಸಿ ಬಂದವನು ಅಣ್ಣನೇ.

ಮುಂದೆ ಬಸವೇಶ್ವರನಗರದ ಮನೆಯ ಕಾರ್ ಶೆಡ್ಡಿನಲ್ಲಿ ಅಚ್ಚಿನ ಯಂತ್ರ ಇಟ್ಟುಕೊಂಡು ಮುದ್ರಣಚಿತ್ರ ಮಾಡುತ್ತಾ ಬಂದಳು. ಮರ, ಮನೆ, ಮನುಷ್ಯ ಒಂದೂ ಇಲ್ಲದ ಚಿತ್ರಗಳು. ಬರೀ ಬಣ್ಣ, ಬಣ್ಣದ ಸುತ್ತ ಬಯಲು.

ಅಣ್ಣ ರಾಜರಾಜೇಶ್ವರಿನಗರದಲ್ಲಿ ಫ್ಲ್ಯಾಟ್ ಕೊಂಡಾಗ ಅವನಿಗೆಂದೇ ಒಂದು ಮಾಡಿಕೊಟ್ಟಳು. ಕೆಳಗಿನ ಬಲಮೂಲೆಯಲ್ಲಿ ಸುಟ್ಟ ಇಟ್ಟಿಗೆಯಂಥ ಕೆಂಪು, ಅದರ ಮೇಲೆ ಕೈಬೀಸಿ ಎಳೆದ ಕಪ್ಪು ಗೀರು. ಮಿಕ್ಕ ಮುಕ್ಕಾಲು ಕಾಗದ ಬಿಳಿ. ಆ ಬಿಳಿಗಾಗಿ ಇಡೀ ಮಳೆಗಾಲ ಹೆಣಗಿದ್ದಳು. ಬಣ್ಣ ಹಚ್ಚಿದ ತಾಮ್ರದ ತಗಡನ್ನು ಒರೆಸಿ ಒರೆಸಿ ಕಾಗದಕ್ಕೆ ಒತ್ತಿದರೂ ಎಲ್ಲೋ ಒಂದು ಬೆರಳಿನ ಗುರುತು ಬೀಳುತ್ತಿತ್ತು. ಹರಿದು ಹಾಕಿ ಮತ್ತೆ ಒತ್ತುತ್ತಿದ್ದಳು. ಸುತ್ತಲೂ ಅಷ್ಟು ಬಯಲಿದ್ದರೇನೇ ಆ ಕೆಂಪು ಒಂಟಿಯಾಗಿ ಉರಿಯುತ್ತಿದ್ದುದು.

ಗೃಹಪ್ರವೇಶಕ್ಕೆ ಹೋದಾಗ ಅವಳಿಗೆ ಮೊದಲು ತನ್ನ ಚಿತ್ರದ ಗುರುತೇ ಸಿಗಲಿಲ್ಲ. ಟೀವಿ ಪಕ್ಕದಲ್ಲಿ ಚಿನ್ನದ ಬಣ್ಣದ ಫ್ರೇಮು. ಒಳಗೆಲ್ಲ ಕೆಂಪು, ಅಂಚಿನಿಂದ ಅಂಚಿಗೆ. ಮೇಲೆ ಅವಳೇ ಎಳೆದ ಕಪ್ಪು ಗೀರು.

"ಅಣ್ಣಾ, ಇದು..."

"ನಿಂದೇ ಕಣೇ! ಅಷ್ಟಗಲಕ್ಕೆ ಇಲ್ಲಿ ಜಾಗ ಸಾಲ್ಲಿಲ್ಲ. ಫ್ರೇಮಿನವನ ಹತ್ರ ಕಟ್ ಮಾಡ್ಸಿದೆ. ಖಾಲಿ ಇದ್ದಿದ್ದು ಮಾತ್ರ. ನಿನ್ನ ಪೇಂಟಿಂಗ್ ಒಂಚೂರೂ ಮುಟ್ಟಿಲ್ಲ."

"ಕಟ್ ಮಾಡಿದ್ದು ಎಲ್ಲಿ?"

"ಅದನ್ನೇನು ಇಟ್ಕೊಳ್ಳೋದು? ಬರೀ ಪೇಪರ್."

ಅಂಚಿನಲ್ಲಿ ಪೆನ್ಸಿಲಿನಿಂದ ಹಾಕಿದ್ದ ಅವಳ ಸಹಿಯೂ ಅದರ ಜೊತೆಗೇ ಹೋಗಿತ್ತು.

"ಸೋಫಾಗೆ ಎಷ್ಟು ಚೆನ್ನಾಗಿ ಮ್ಯಾಚ್ ಆಗಿದೆ ನೋಡು ಲಕ್ಷ್ಮಿ," ಎಂದಳು ಅತ್ತಿಗೆ, ಅರಿಶಿನ ಕುಂಕುಮ ಕೊಡುತ್ತಾ.

ಬಂದವರ ಮುಂದೆ ರಂಪ ಬೇಡವೆಂದು ಊಟ ಮುಗಿಯುವವರೆಗೆ ಕಾದಳು. ಆಮೇಲೆ ಬಾಲ್ಕನಿಯಲ್ಲಿ ಅಣ್ಣ ಒಬ್ಬನೇ ಸಿಕ್ಕ.

"ನನ್ನ ಕೆಲಸ ನಿಂಗಾದ್ರೂ ಅರ್ಥ ಆಗತ್ತೆ ಅಂದ್ಕೊಂಡಿದ್ದೆ ಕಣೋ. ಅವತ್ತು ಅಪ್ಪನ ಹತ್ರ ಅಷ್ಟು ಜಗಳ ಆಡಿದ್ಯಲ್ಲ, ನನಗೋಸ್ಕರ."

ಸೇತುರಾಮ ನಕ್ಕುಬಿಟ್ಟ. ಕುಹಕವೇನೂ ಇರಲಿಲ್ಲ ಆ ನಗುವಿನಲ್ಲಿ. "ಅರ್ಥನೂ ಇಲ್ಲ ಗಿರ್ಥನೂ ಇಲ್ಲ ಕಣೇ. ನೀನು ಹಗಲೂ ರಾತ್ರಿ ಅಳ್ತಾ ಕೂತಿದ್ದೆ, ನಂಗೆ ಪರೀಕ್ಷೆಗೆ ಓದಕ್ಕಾಗ್ತಿರ್ಲಿಲ್ಲ. ಎಲ್ಲಾದ್ರೂ ಸೇರ್ಕೊಂಡು ಸುಮ್ನಾಗ್ಲಿ ಅಂತ ಹೇಳ್ದೆ ಅಷ್ಟೆ."

ಅವನು ಒಂದು ದಿನವೂ ಸುಳ್ಳಾಡಿರಲಿಲ್ಲ. ಅವಳಿಗೆ ಅದೇ ಹೆಚ್ಚು ಉರಿಯಿತು. ನಿನ್ನ ಚಿತ್ರ ಇಷ್ಟ ಎಂದು ಅವನ ಬಾಯಲ್ಲಿ ಯಾವತ್ತು ಬಂದಿತ್ತು? ಪ್ರತಿ ಸಲ ಹೊಸ ಕಾಗದ ಎತ್ತುವಾಗ 'ಅಣ್ಣ ಏನಂತಾನೋ' ಎಂದು ಕಾತರಿಸಿದವಳು ಅವಳೇ. ತಾಂಬೂಲ ತೆಗೆದುಕೊಂಡು ಹೊರಟಳು. ಗೋಡೆಯ ಕಡೆ ತಿರುಗಿ ನೋಡಲಿಲ್ಲ.

ದೀಪಾವಳಿ ಕಳೆದ ಮೇಲೆ ಅಣ್ಣ ಫೋನ್ ಮಾಡಿದ. "ಬೆಡ್‌ರೂಮಿಗೂ ಒಂದು ಮಾಡ್ಕೊಡೇ. ಈ ಸಲ ಚಿಕ್ಕದಾಗೇ ಮಾಡು, ಸುಮ್ನೆ ಕಾಗದ ದಂಡ."

"ಮಷಿನ್ ಕೆಟ್ಟಿದೆ ಅಣ್ಣ."

"ಅಯ್ಯೋ, ರಿಪೇರಿ ಮಾಡ್ಸು," ಎಂದವನೇ ಮೊಣಕಾಲು ನೋವಿನ ಮಾತಿಗೆ ಹೊರಳಿದ.

ಫೋನಿಟ್ಟು, ಯಂತ್ರದ ಚಕ್ರ ತಿರುಗಿಸಿ, ಒದ್ದೆ ಕಾಗದವನ್ನು ನಿಧಾನವಾಗಿ ಎತ್ತಿದಳು. ಬಣ್ಣ ಚೆನ್ನಾಗಿ ಇಳಿದಿತ್ತು. ಬಿಳಿಯ ಮೇಲೆ ಒಂದು ಕಲೆಯೂ ಇರಲಿಲ್ಲ. ಯಾರಿಗೆ ತೋರಿಸುವುದೆಂದು ಯೋಚಿಸಿದಳು. ಒಂದು ಹೆಸರೂ ಹೊಳೆಯಲಿಲ್ಲ.