ಕಾಯದ ನೀರು

ಅಟ್ಟದಿಂದ ಕಾಸ್ಟಿಕ್ ಸೋಡಾದ ಡಬ್ಬಿ ಇಳಿಸಿದವಳು ಸೊಸೆ ಭಾಗ್ಯಶ್ರೀ. ಮನೆಯಲ್ಲೇ ಸಾಬೂನು ಮಾಡುವ ಹುಚ್ಚು ಅವಳಿಗೆ ಹೊಸದಾಗಿ ಹತ್ತಿತ್ತು.

"ಅತ್ತಿ, ಇದು ಇನ್ನೂ ನಡೀತದೇನ್ರಿ?"

ದಾಕ್ಷಾಯಿಣಿ ಮುಚ್ಚಳ ತೆಗೆದಳು. ಬಿಡಿಬಿಡಿಯಾಗಿರಬೇಕಾದ ಬಿಳಿ ಹರಳುಗಳು ಒಂದಕ್ಕೊಂದು ಕಚ್ಚಿ ಗಡ್ಡೆಯಾಗಿದ್ದವು. "ನೋಡೂಣು ತಡಿ," ಎಂದು ಕೈಗವಸು ಹಾಕಿಕೊಂಡು ಹಿತ್ತಲಿಗೆ ಹೋದಳು. ಬೋಗುಣಿಯ ನೀರಿಗೆ ಒಂದಿಷ್ಟು ಕಾಸ್ಟಿಕ್ ಹಾಕಿ ಕದಡಿದಳು. ಜೀವ ಇರುವ ಕಾಸ್ಟಿಕ್ ಆದರೆ ನೀರು ಸುಡುವಷ್ಟು ಕಾಯುತ್ತದೆ. ಇದು ಉಗುರುಬೆಚ್ಚಗೂ ಆಗಲಿಲ್ಲ. ನಾಲ್ಕು ಹನಿ ನಿಂಬೆರಸ ಹಿಂಡಿದರೆ ಬುಸಬುಸ ನೊರೆ ಎದ್ದಿತು.

"ಗಾಳಿ ಕುಡದು ಬರೇ ವಾಷಿಂಗ್ ಸೋಡಾ ಆಗೇತಿ. ಸಾಬಾಣ ಆಗೂದಿಲ್ಲ."

"ಎರಡ ವರ್ಷ ಅಟ್ಟದಾಗ ಕುಂತಿತ್ತಲ್ರಿ, ಕೆಡದ ಏನ್ ಮಾಡ್ತದ," ಎಂದು ಭಾಗ್ಯಶ್ರೀ ಒಳಗೆ ಹೋದಳು.

ಆ ಮಾತನ್ನೇ ನಂಬಿ ಸುಮ್ಮನಿರಬಹುದಿತ್ತು. ಆದರೆ ದಾಕ್ಷಾಯಿಣಿ ಕೈಗವಸು ತೆಗೆದು ತಣ್ಣಗಿನ ಬೋಗುಣಿಯನ್ನು ಹೊರಗಿನಿಂದ ಮುಟ್ಟಿ ನೋಡಿದಳು.

ಬೆಂಗೇರಿಯ ಈ ಹಿತ್ತಲಲ್ಲೇ ಅವಳೂ ಹಿಂದಿನ ಓಣಿಯ ಅಖ್ತರಬೇಗಂಳೂ ಕೂಡಿ ಸಾಬೂನು ಮಾಡುತ್ತಿದ್ದರು. ಕಾಸ್ಟಿಕ್ ಇವಳದು, ಎಣ್ಣೆ ಅವಳದು. ಓಣಿಯವರೆಲ್ಲ ಅಡುಗೆಗೂ ಅಖ್ತರಬೇಗಂಳ ಹತ್ತಿರವೇ ಶೇಂಗಾ ಎಣ್ಣೆ ಒಯ್ಯುತ್ತಿದ್ದರು. ಎರಡು ವರ್ಷದ ಹಿಂದೆ ಮದುವೆಮನೆಯೊಂದಕ್ಕೆ ಇದೇ ಡಬ್ಬಿಯ ಕಾಸ್ಟಿಕ್ ಹಾಕಿ ಮಾಡಿದ ಸಾಬೂನು ಮಾತ್ರ ಗಟ್ಟಿಯಾಗಲೇ ಇಲ್ಲ, ಮೇಲೆ ಎಣ್ಣೆ ತೇಲಿತು. ಒಯ್ಯಲು ಬಂದವರೆದುರು ಮುಖ ಉಳಿಸಿಕೊಳ್ಳಲು ದಾಕ್ಷಾಯಿಣಿ, "ಎಣ್ಣಿ ಕಲಬೆರಕಿ ಇರಬೇಕು," ಅಂದುಬಿಟ್ಟಳು. ಆ ಮಾತು ಓಣಿಯ ತುಂಬ ಹಬ್ಬಿತು. ಅಖ್ತರಬೇಗಂ ಎದುರಾಡಲಿಲ್ಲ. ಮತ್ತೆ ಈ ಕಡೆ ಬರಲೂ ಇಲ್ಲ. ಕಾಸ್ಟಿಕ್ ಕದಡಿದ ಬೋಗುಣಿಯನ್ನು ಯಾವಾಗಲೂ ದಪ್ಪ ಅರಿವೆಯಿಂದ ಹಿಡಿದೆತ್ತುತ್ತಿದ್ದ ದಾಕ್ಷಾಯಿಣಿ ಆ ದಿನ ಗಡಿಬಿಡಿಯಲ್ಲಿ ಬರಿಗೈಯಿಂದ ಎತ್ತಿದ್ದಳು, ಕೈ ಸುಟ್ಟಿರಲಿಲ್ಲ. ಅದು ಈಗ ನೆನಪಾಯಿತು.

ಮಧ್ಯಾಹ್ನವೇ ಹೋದಳು. ಅಖ್ತರಬೇಗಂ ಹೊಲಿಗೆ ಮಷಿನ್ ಮುಂದೆ ಕುಳಿತಿದ್ದಳು.

"ಬರ್ರಿ, ಕುಂದರ್ರಿ."

ಮೊದಲೆಲ್ಲ 'ಬಾರವಾ' ಅನ್ನುತ್ತಿದ್ದವಳು. ದಾಕ್ಷಾಯಿಣಿ ಕೂಡ್ರಲಿಲ್ಲ.

"ಆಪಾ, ನಿಮ್ಮ ಎಣ್ಣಿ ಛಲೋ ಇತ್ತು. ನನ್ನ ಕಾಸ್ಟಿಕ್ ಕೆಟ್ಟಿತ್ತು. ಇವತ್ತ ತಿಳೀತು."

"ನನಗ ಅವತ್ತ ಗೊತ್ತಿತ್ರಿ. ನೀವು ಬೋಗುಣಿ ಬರಿಗೈಲೆ ಎತ್ತಿದ್ರಿ. ನಾ ಅಲ್ಲೇ ನಿಂತಿದ್ದೆ."

"ಹಂಗಾರ ಯಾಕ ಹೇಳಲಿಲ್ಲ?"

"ನಾ ಬಾಯಿ ತೆಗಿಯೂದರಾಗ ನೀವು ಎಣ್ಣಿ ಮಾತ ಆಡಿಬಿಟ್ಟಿದ್ರಿ. ಆಮ್ಯಾಲೆ ನಾ ಏನಂದ್ರೂ, ಮಾರಾಕಿ ತನ್ನ ಎಣ್ಣಿ ತಾನ ಹೊಗಳ್ತಾಳ ಅಂತಿದ್ರು." ಅಖ್ತರಬೇಗಂ ಹಲ್ಲಿನಿಂದ ದಾರ ಕಡಿದಳು. "ಖರೇ ಅಂದ್ರ, ನನಗ ಹೇಳಿ ಏನ್ ಉಪಯೋಗ್ರಿ? ಓಣ್ಯಾಗ ಹೇಳ್ರಿ."

ಅವಳು ಕೊಟ್ಟ ಚಹಾ ಅರ್ಧ ಕುಡಿದು ದಾಕ್ಷಾಯಿಣಿ ಹೊರಬಿದ್ದಳು. ಹಿಟ್ಟಿನ ಗಿರಣಿಯ ಹತ್ತಿರ ಓಣಿಯ ಸಂಗವ್ವ ಸಿಕ್ಕಳು. ತಡೆದು ನಿಲ್ಲಿಸಿ ಹೇಳಿದಳು: "ಸಂಗವ್ವಕ್ಕಾ, ಅಖ್ತರಬೇಗಂ ಎಣ್ಣಿ ಕಲಬೆರಕಿ ಅಂದಿದ್ನಲ್ಲ, ಅದು ಸುಳ್ಳು. ತಪ್ಪು ನಂದ ಇತ್ತು."

"ಅಯ್ಯ, ಅದು ಯಾವಾಗಿನ ಮಾತವಾ! ಆಕಿ ಎಣ್ಣಿ ಮಾರೂದ ಬಿಟ್ಟಾಳಲ್ಲ. ನಮಗೂ ಪಾಕೀಟ ಎಣ್ಣಿ ರೂಢಿ ಆತು ಬಿಡು." ಸಂಗವ್ವ ಹಿಟ್ಟಿನ ಡಬ್ಬಿ ಇನ್ನೊಂದು ಬಗಲಿಗೆ ಬದಲಿಸಿಕೊಂಡು ನಡೆದಳು.

ದಾಕ್ಷಾಯಿಣಿ ಓಣಿಯತ್ತ ತಿರುಗಿದಳು. ಆಮೇಲೆ ಮುಂದಿನ ಮನೆಯ ಚಿಲಕ ಬಡಿದಳು. ಒಳಗೆ ಟಿವಿ ಜೋರಾಗಿತ್ತು, ಯಾರೂ ಬರಲಿಲ್ಲ. ಇನ್ನೊಮ್ಮೆ ಬಡಿದಳು.